ಮಂಡಿ ಲೆಕ್ಕದ ಆ್ಯಪ್‌ನ ಕೋಡನ್ನು ಕಾಪಾಡುವ ಬಗೆ

ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ಆಂಡ್ರಾಯ್ಡ್ ಆ್ಯಪ್ ಬರೆದುಕೊಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು: ಗ್ರಾಹಕರ ಫೋನಿಗೆ ಹೋದ ಎಪಿಕೆ ಫೈಲನ್ನು (ಆ್ಯಪನ್ನು ಫೋನಿನಲ್ಲಿ ಅಳವಡಿಸುವ ಫೈಲ್) ಜ್ಯಾಡ್‌ಎಕ್ಸ್‌ನಂತಹ ಉಚಿತ ಸಾಧನದಲ್ಲಿ ಯಾರು ಬೇಕಾದರೂ ತೆರೆದು, ಮೂಲಕ್ಕೆ ಬಹಳ ಹತ್ತಿರವಾದ ಜಾವಾ ಕೋಡನ್ನು ಓದಬಹುದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರ ಹಾಕಿ, ಹಮಾಲಿ ಕಳೆದು ಬಿಲ್ ಮಾಡುವ ಸಾಲುಗಳಲ್ಲಿ ಒಂದೇ ಒಂದು ಅಂಕಿಯನ್ನು ತಿದ್ದಿ ಆ್ಯಪನ್ನು ಮತ್ತೆ ಹಂಚಿದರೆ, ಪೆಟ್ಟು ಬೀಳುವುದು ವರ್ಷವಿಡೀ ತೋಟದಲ್ಲಿ ದುಡಿದ ಬೆಳೆಗಾರನಿಗೆ. ಅದಕ್ಕಾಗಿಯೇ ಈ ಕೆಲಸವನ್ನು ಬಿಡುಗಡೆಯ ಹಿಂದಿನ ದಿನಕ್ಕೆ ಉಳಿಸಿಕೊಳ್ಳಬಾರದು.

ಕೋಡನ್ನು ಮರೆಮಾಚುವ ಮೊದಲು, ಆ್ಯಪ್‌ನಲ್ಲಿ ಇರಲೇಬಾರದ ಗುಟ್ಟುಗಳನ್ನು ಹೊರಗೆ ತೆಗೆಯಿರಿ. ಆ್ಯಪ್ ಕಟ್ಟುವಾಗ ಕೋಡನ್ನು ಕುಗ್ಗಿಸಿ ಮರೆಮಾಚುವ ಆರ್8 ಸಾಧನವು ಕ್ಲಾಸ್ ಮತ್ತು ಮೆಥಡ್‌ಗಳ (ಕೋಡಿನ ಘಟಕಗಳ) ಹೆಸರನ್ನು ಬದಲಿಸುತ್ತದೆಯೇ ಹೊರತು ಕೋಡಿನಲ್ಲಿರುವ ಪಠ್ಯವನ್ನು ಗೂಢಲಿಪಿ ಮಾಡುವುದಿಲ್ಲ. ಡೇಟಾಬೇಸಿನ ಪಾಸ್‌ವರ್ಡ್ ಅಲ್ಲಿದ್ದರೆ ಅದು ಹಾಗೆಯೇ ಕಾಣುತ್ತದೆ. ಅಂಥದ್ದೆಲ್ಲ ಸರ್ವರಿನಲ್ಲಿರಲಿ. ಲೈಸೆನ್ಸ್ ಪರಿಶೀಲನೆಯನ್ನು ಮಾತ್ರ ಪೂರ್ತಿಯಾಗಿ ಸರ್ವರಿಗೆ ಒಪ್ಪಿಸಲಾಗದು, ಏಕೆಂದರೆ ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿಯ ಕಡೆ ಕರೆಂಟು ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ, ಆಗಲೂ ಬಿಲ್ ಆಗಬೇಕು. ಆದ್ದರಿಂದ ಫೋನಿನ ಗುರುತು ಮತ್ತು ಅವಧಿ ಮುಗಿಯುವ ದಿನಾಂಕವನ್ನು ಸೇರಿಸಿ, ನಿಮ್ಮಲ್ಲಿಯೇ ಉಳಿಯುವ ಖಾಸಗಿ ಕೀಲಿಯಿಂದ ಡಿಜಿಟಲ್ ಸಹಿ ಮಾಡಿದ ಲೈಸೆನ್ಸ್ ಫೈಲನ್ನು ಕೊಡಿ. ಆ್ಯಪ್‌ನೊಳಗೆ ಸಾರ್ವಜನಿಕ ಕೀಲಿ ಮಾತ್ರ ಇರುವುದರಿಂದ, ಅದನ್ನು ಓದಿದವನು ಸಹಿಯನ್ನು ಪರೀಕ್ಷಿಸಬಲ್ಲ, ಹೊಸ ಲೈಸೆನ್ಸ್ ಸೃಷ್ಟಿಸಲಾರ.

ಇನ್ನು ಆಬ್ಫಸ್ಕೇಶನ್, ಅಂದರೆ ಕೋಡನ್ನು ಸುಲಭವಾಗಿ ಓದಲಾಗದಂತೆ ಮರೆಮಾಚುವುದು. ಆ್ಯಪ್ ಕಟ್ಟುವ ಸಾಧನವಾದ ಗ್ರೇಡಲ್‌ನ ಫೈಲಿನ ರಿಲೀಸ್ ವಿಭಾಗದಲ್ಲಿ ಮಿನಿಫೈ ಆಯ್ಕೆಯನ್ನು ಚಾಲೂ ಮಾಡಿದರೆ ಆರ್8 ಕೆಲಸಕ್ಕೆ ಇಳಿಯುತ್ತದೆ; 2019ರಲ್ಲಿ ಬಂದ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 3.4ರಿಂದ ಅದೇ ಪೂರ್ವನಿಯೋಜಿತ ಸಾಧನ. ‘ಕ್ಯಾಲ್ಕುಲೇಟ್‌ಕಮಿಷನ್’ ಎಂಬ ಮೆಥಡ್ ಬರೀ ‘ಎ’ ಆಗುತ್ತದೆ, ಬಳಕೆಯಾಗದ ಕೋಡ್ ಬಿದ್ದುಹೋಗುತ್ತದೆ. ತೊಂದರೆ ಬರುವುದು ರಿಫ್ಲೆಕ್ಷನ್ ಇರುವಲ್ಲಿ, ಅಂದರೆ ಆ್ಯಪ್ ಓಡುವಾಗ ಕೋಡಿನ ಭಾಗಗಳನ್ನು ಹೆಸರಿನಿಂದ ಹುಡುಕುವಲ್ಲಿ: ಜಿಸನ್ ಲೈಬ್ರರಿ ಫೀಲ್ಡ್‌ನ (ಮೌಲ್ಯವಿಡುವ ಜಾಗದ) ಹೆಸರನ್ನೇ ನೋಡಿ ಜೇಸನ್ ಎಂಬ ಪಠ್ಯರೂಪದ ದತ್ತಾಂಶವನ್ನು ತುಂಬುವುದರಿಂದ, ಹೆಸರು ಬದಲಾದರೆ ದರದ ಜಾಗ ಖಾಲಿ ಉಳಿಯುತ್ತದೆ. ಇದಕ್ಕೆ ಹೆದರಿ ಇಡೀ ಪ್ಯಾಕೇಜಿಗೆ ಕೀಪ್ ನಿಯಮ (ಹೆಸರು ಬದಲಿಸಬೇಡ ಎಂಬ ಸೂಚನೆ) ಬರೆಯುವ ಅಭ್ಯಾಸ ನಮ್ಮಲ್ಲಿದೆ. ಹಾಗೆ ಬರೆದರೆ ಮಾಡಿದ ರಕ್ಷಣೆಯೆಲ್ಲ ವ್ಯರ್ಥ. ಸಂಬಂಧಪಟ್ಟ ಫೀಲ್ಡ್‌ಗಳಿಗೆ ಮಾತ್ರ ಸೀರಿಯಲೈಸ್ಡ್‌ನೇಮ್ (ಜೇಸನ್‌ನಲ್ಲಿನ ಹೆಸರನ್ನು ಗಟ್ಟಿಮಾಡುವ ಗುರುತು) ಕೊಟ್ಟು, ರಿಲೀಸ್ ಬಿಲ್ಡ್‌ನಲ್ಲಿಯೇ ತೂಕದಿಂದ ಮುದ್ರಣದವರೆಗೆ ಒಂದು ಪೂರ್ತಿ ಬಿಲ್ ಮಾಡಿ ನೋಡಿ. ಹಳೆಯ ಮತ್ತು ಹೊಸ ಹೆಸರುಗಳ ಪಟ್ಟಿಯಾದ ಮ್ಯಾಪಿಂಗ್ ಫೈಲನ್ನು ಪ್ರತಿ ಆವೃತ್ತಿಗೂ ಜೋಪಾನವಾಗಿ ತೆಗೆದಿಡಿ, ಅದಿಲ್ಲದೆ ಕ್ರ್ಯಾಶ್ ವರದಿಯಲ್ಲಿನ ‘ಎ’ ಯಾವುದೆಂದು ನಿಮಗೂ ತಿಳಿಯದು.

ನಿಯಂತ್ರಣದ ಹರಿವನ್ನು ಚಪ್ಪಟೆಗೊಳಿಸುವ (ಕೋಡಿನ ಹೆಜ್ಜೆಗಳ ಕ್ರಮ ಗುರುತಾಗದಂತೆ ಕಲಸುವ), ಪಠ್ಯವನ್ನು ಗೂಢಲಿಪಿಗೊಳಿಸುವ ಸಾಧನಗಳೂ ಇವೆ. ಅವು ಆ್ಯಪನ್ನು ನಿಧಾನಗೊಳಿಸುವುದರಿಂದ ಲೈಸೆನ್ಸ್ ಪರಿಶೀಲನೆಯಂತಹ ಕೆಲವೇ ಭಾಗಗಳಿಗೆ ಸಾಕು. ಎಲ್ಲ ಪ್ರೋಗ್ರಾಮ್‌ಗಳನ್ನೂ ಪೂರ್ಣವಾಗಿ ಮರೆಮಾಚುವ ಸಾರ್ವತ್ರಿಕ ವಿಧಾನ ಅಸಾಧ್ಯವೆಂದು ಗಣಕ ವಿಜ್ಞಾನಿ ಬರಾಕ್ ಮತ್ತು ಸಂಗಡಿಗರು 2001ರಲ್ಲಿಯೇ ಗಣಿತದಿಂದ ತೋರಿಸಿದ್ದಾರೆ; ನಾವು ಗಳಿಸುವುದು ಕಾಲಾವಕಾಶವನ್ನಷ್ಟೇ.

ತಿದ್ದಿದ ಎಪಿಕೆಯನ್ನು ನಿಮ್ಮ ಕೀಲಿಯಿಂದ ಸಹಿ ಮಾಡಲು ಯಾರಿಗೂ ಸಾಧ್ಯವಿಲ್ಲ. ಹೀಗಾಗಿ ಆ್ಯಪ್ ತನ್ನ ಸಹಿ ಪ್ರಮಾಣಪತ್ರದ ಹ್ಯಾಶನ್ನು (ಅದರ ಬೆರಳಚ್ಚಿನಂಥ ಸಂಕೇತವನ್ನು) ಒಂದಕ್ಕಿಂತ ಹೆಚ್ಚು ಕಡೆ ಪರೀಕ್ಷಿಸಲಿ. ಪ್ಲೇ ಸ್ಟೋರ್ ಮೂಲಕ ಹಂಚುವುದಾದರೆ ನೀವು ಆ್ಯಪನ್ನು ಗೂಗಲ್‌ಗೆ ಕಳಿಸುವಾಗ ಬಳಸುವ ಅಪ್‌ಲೋಡ್ ಕೀಲಿಯದ್ದಲ್ಲ, ಗೂಗಲ್ ಬಳಿಯಿರುವ ಆ್ಯಪ್ ಸಹಿ ಕೀಲಿಯ ಹ್ಯಾಶ್ ಬೇಕಾಗುತ್ತದೆ. ಆದರೆ ಓಡುತ್ತಿರುವ ಆ್ಯಪ್‌ನ ವರ್ತನೆಯನ್ನೇ ಬದಲಿಸುವ ಫ್ರೀಡಾ ಸಾಧನವನ್ನು ಬಲ್ಲವರು ಈ ಪರೀಕ್ಷೆಯನ್ನೇ ದಾಟಬಹುದು, ಆದ್ದರಿಂದ ನೆಟ್‌ವರ್ಕ್ ಸಿಕ್ಕಾಗ ಬಿಲ್‌ಗಳು ಸರ್ವರಿಗೆ ಹೋಗಿ ಅಲ್ಲಿ ಲೆಕ್ಕ ಮತ್ತೊಮ್ಮೆ ಆಗಲಿ. ಪರೀಕ್ಷೆ ವಿಫಲವಾದರೆ ಹೊಸ ಬಿಲ್ ನಿಲ್ಲಿಸಿ, ಹಳೆಯ ಲೆಕ್ಕ ನೋಡಲು ಬಿಡಿ. ಬೆಳೆಗಾರನ ದಾಖಲೆಗೆ ಬೀಗ ಹಾಕುವ ಹಕ್ಕು ನಮಗಿಲ್ಲ.

ಬಿಡುಗಡೆಗೆ ಮುನ್ನ ನಿಮ್ಮದೇ ಎಪಿಕೆಯನ್ನು ಜ್ಯಾಡ್‌ಎಕ್ಸ್‌ನಲ್ಲಿ ತೆರೆದು, ‘ಲೈಸೆನ್ಸ್’, ‘ಪಾಸ್‌ವರ್ಡ್’, ಸರ್ವರಿನ ವಿಳಾಸ ಇವುಗಳನ್ನು ಹುಡುಕಿ, ಸಿಕ್ಕಿದ್ದನ್ನು ಸರಿಪಡಿಸಿದ ಮೇಲೆಯೇ ಮಂಡಿಗೆ ಕಳುಹಿಸಿ.