ಕಾಕ್‌ಪಿಟ್‌ಗೆ ಒಂದು, ಸೈಕಲ್‌ಗೆ ಇನ್ನೊಂದು: ನಾನು ತಂಪು ಕನ್ನಡಕ ಆರಿಸಿದ ಬಗೆ

ಜಕ್ಕೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯಲು ಸೇರಿದಾಗ ನನ್ನ ಬಳಿ ಇದ್ದದ್ದು ಒಂದೇ ತಂಪು ಕನ್ನಡಕ. ಕಡುಗಪ್ಪು ಗಾಜಿನ, ಪೋಲರೈಸ್ಡ್ ಕನ್ನಡಕ, ಅಂದರೆ ಬೆಳಕನ್ನು ಒಂದೇ ದಿಕ್ಕಿಗೆ ಸೋಸಿ ಹೊಳಪನ್ನು ತಡೆಯುವಂಥದ್ದು. ಅಲ್ಲಿ ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿದ ರನ್‌ವೇ 08ರಿಂದ ಮೇಲೇರಿದರೆ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ, ಹಾಗಾಗಿ ಅದನ್ನು ನೆಮ್ಮದಿಯಿಂದಲೇ ಧರಿಸಿ ಹೊರಟಿದ್ದೆ. ತಿರುವಿನಲ್ಲಿ ತಲೆಯನ್ನು ಪಕ್ಕಕ್ಕೆ ವಾಲಿಸಿದ್ದೇ ತಡ, ಎದುರಿನ ಪರದೆ ಕಪ್ಪಾಯಿತು. ತಲೆ ನೆಟ್ಟಗೆ ಮಾಡಿದೆ. ಎತ್ತರ, ವೇಗದ ಅಂಕಿಗಳು ಮರಳಿದವು. ಕೆಳಗಿಳಿದ ಮೇಲೆ ತರಬೇತುದಾರರು ನನ್ನ ಕನ್ನಡಕವನ್ನು ತಮ್ಮ ಮೊಬೈಲ್ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿದರು. ಒಂದು ಕೋನದಲ್ಲಿ ಮೊಬೈಲಿನ ಪರದೆ ಪೂರ್ತಿ ಮರೆಯಾಯಿತು. ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಮೊದಲೇ ಒಂದು ದಿಕ್ಕಿಗೆ ಸೋಸಿದ್ದು. ಕನ್ನಡಕದ ಸೋಸು ಅದಕ್ಕೆ ಅಡ್ಡ ಬಂದರೆ ಏನೂ ಉಳಿಯುವುದಿಲ್ಲ. ಅಂದಿನಿಂದ ಯಾವ ಕನ್ನಡಕ ಕೊಳ್ಳುವ ಮೊದಲೂ ಈ ಪರೀಕ್ಷೆ ಮಾಡುತ್ತೇನೆ.

ಪರದೆ ಮರೆಯಾಗುವುದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಅವರು ಆಮೇಲೆ ಹೇಳಿದ ಮಾತು. ದೂರದ ಇನ್ನೊಂದು ವಿಮಾನ ಎಷ್ಟೋ ಸಲ ಮೊದಲು ಕಾಣುವುದು ಅದರ ರೆಕ್ಕೆಯೋ ಗಾಜೋ ಬಿಸಿಲಿಗೆ ಮಿನುಗಿದಾಗ. ಪೋಲರೈಸ್ಡ್ ಗಾಜು ಆ ಮಿನುಗನ್ನೇ ನುಂಗಿಬಿಡಬಹುದು. ಪಕ್ಕದಲ್ಲೇ ಯಲಹಂಕ ವಾಯುನೆಲೆ ಇರುವ ಆಕಾಶದಲ್ಲಿ ಆ ಮಿನುಗನ್ನು ಕಳೆದುಕೊಳ್ಳಲು ನಾನು ಸಿದ್ಧನಿರಲಿಲ್ಲ.

ಈಗ ಹಾರಾಟಕ್ಕೆ ಇಟ್ಟುಕೊಂಡಿರುವುದು ಪೋಲರೈಸ್ಡ್ ಅಲ್ಲದ ಬೂದು ಬಣ್ಣದ ಗಾಜು, ಬೆಳಕಿನ ಸುಮಾರು ಶೇ 15ರಷ್ಟನ್ನು ಒಳಗೆ ಬಿಡುವಂಥದ್ದು. ಬೂದು ಬಣ್ಣ ಎಲ್ಲ ಬಣ್ಣಗಳನ್ನೂ ಒಂದೇ ಸಮ ತಗ್ಗಿಸುತ್ತದೆ, ಕೆಂಪು ಕೆಂಪಾಗಿ, ಹಸಿರು ಹಸಿರಾಗಿಯೇ ಉಳಿಯುತ್ತದೆ. ಗಾಜಿನ ಮೇಲ್ಭಾಗ ಗಾಢ, ಕೆಳಭಾಗ ತಿಳಿ. ಆಕಾಶ ನೋಡಿದ ಕಣ್ಣನ್ನು ನೆರಳಿನಲ್ಲಿರುವ ಮೀಟರುಗಳತ್ತ ಇಳಿಸಿದಾಗ ತಡವರಿಸಬೇಕಾಗಿಲ್ಲ. ಕಡ್ಡಿಗಳು ತೆಳ್ಳಗೆ, ಚಪ್ಪಟೆಯಾಗಿವೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ದಪ್ಪ ಕಡ್ಡಿಯಿದ್ದರೆ ಹೆಡ್‌ಸೆಟ್‌ನ ಮೆತ್ತೆ ಕಿವಿಗೆ ಸರಿಯಾಗಿ ಕೂರದೆ ಎಂಜಿನ್ನಿನ ಸದ್ದು ಒಳನುಗ್ಗುತ್ತದೆ, ಒಂದು ಗಂಟೆಯಲ್ಲಿ ಕಣತಲೆ ನೋಯಲು ಶುರುವಾಗುತ್ತದೆ. ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಗಾಜನ್ನೂ ಹಾಕಿ ನೋಡಿದೆ. ಅದು ಕಪ್ಪಾಗಲು ಅತಿನೇರಳೆ ಕಿರಣ ಬೇಕು. ವಿಮಾನದ ಗಾಜು ಅದರಲ್ಲಿ ಸಾಕಷ್ಟನ್ನು ಹೊರಗೇ ತಡೆಯುವುದರಿಂದ ಬೇಕಾದಾಗ ಅದು ಅರೆಬರೆ ಕಪ್ಪಾಗಿ ನಿಂತಿತು.

ಭಾನುವಾರ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವಾಗ ಈ ಬೂದು ಗಾಜು ನಡೆಯದು. ಇಳಿಜಾರಿನಲ್ಲಿ ಮರದ ನೆರಳು, ಬಿಸಿಲು ಕ್ಷಣಕ್ಕೊಮ್ಮೆ ಬದಲಾಗುತ್ತವೆ. ನೆರಳಿನಲ್ಲಿ ಅಡಗಿದ ಗುಂಡಿ, ಉದುರಿದ ಜಲ್ಲಿ ತಟ್ಟನೆ ಕಾಣಬೇಕು. ಅಲ್ಲಿಗೆ ಕಂದು ಬಣ್ಣದ, ಶೇ 18ರಿಂದ 43ರಷ್ಟು ಬೆಳಕು ಬಿಡುವ ಗಾಜು (ಗಾಢತೆಯ ಲೆಕ್ಕದಲ್ಲಿ ಎರಡನೆಯ ವರ್ಗ). ಕಂದು ನೀಲಿಯನ್ನು ತಗ್ಗಿಸಿ ರಸ್ತೆಯ ಉಬ್ಬುತಗ್ಗನ್ನು ಎದ್ದು ತೋರಿಸುತ್ತದೆ. ಕಲ್ಲು ಸಿಡಿದರೂ ಚೂರಾಗದಂತೆ ಪಾಲಿಕಾರ್ಬೊನೇಟ್‌ನದ್ದನ್ನೇ ಆರಿಸಿದೆ. ಇಲ್ಲಿಯೂ ಪೋಲರೈಸ್ಡ್ ಬೇಡವೆಂದೇ ನಿರ್ಧರಿಸಿದೆ. ಮಳೆ ನಿಂತ ಮೇಲೆ ಒದ್ದೆ ರಸ್ತೆಯ ಹೊಳಪೇ ಜಾರುವ ಜಾಗದ ಸುಳಿವು.

ಬಣ್ಣ ಯಾವುದೇ ಇರಲಿ, ಯುವಿ 400, ಅಂದರೆ 400 ನ್ಯಾನೋಮೀಟರ್‌ವರೆಗಿನ ಅತಿನೇರಳೆ ಕಿರಣ ತಡೆಯುವ ಗುಣ, ಇಲ್ಲದ್ದನ್ನು ಮುಟ್ಟುವುದಿಲ್ಲ. ಪ್ರತಿ ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಬರೀ ಕಪ್ಪು ಬಣ್ಣ ಬಳಿದ ಅಗ್ಗದ ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ ಬಿಚ್ಚಿಕೊಂಡು ಆ ಕಿರಣವನ್ನು ಇನ್ನಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ. ಚೀಟಿಯನ್ನು ನಂಬದೆ, ಕನ್ನಡಕದ ಅಂಗಡಿಯ ಯುವಿ ಮೀಟರಿನಲ್ಲಿ ಹಿಡಿಸಿ ನೋಡುತ್ತೇನೆ.

ಆ ಮೊದಲ ಕನ್ನಡಕ ಈಗಲೂ ಇದೆ. ದಾಂಡೇಲಿಯಲ್ಲಿ ಕಾಳಿ ನದಿಗೆ ಕಯಾಕ್ ಇಳಿಸಿದಾಗ ಅದನ್ನೇ ಹಾಕುತ್ತೇನೆ. ನೀರಿನ ಮೇಲಿನ ಹೊಳಪು ಸರಿದು, ಅಡಿಯಲ್ಲಿರುವ ಬಂಡೆಗಳು ಕಾಣಿಸಿಕೊಳ್ಳುತ್ತವೆ.