ಎರಕದೊಳಗಿನ ಡೆಂಡ್ರೈಟ್: ಕೊಂಬೆಗಳ ಅಂತರ ನಾನು ಅಳೆಯುವ ಬಗೆ

ಡೆಂಡ್ರೈಟ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ನರಕೋಶದ ಕವಲುಗಳು. ನಾನು ಅಲ್ಯೂಮಿನಿಯಂ ಫೌಂಡ್ರಿಯ ಲ್ಯಾಬಿನಲ್ಲಿದ್ದೇನೆ. ನಮಗೂ ಇದು ದಿನಬಳಕೆಯ ಮಾತು. ಗ್ರೀಕಿನಲ್ಲಿ ಡೆಂಡ್ರಾನ್ ಅಂದರೆ ಮರ. ಮರದ ಹಾಗೆ ಕವಲೊಡೆಯುವ ಹಲವು ರಚನೆಗಳಿಗೆ ಈ ಹೆಸರಿದೆ. ಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಮೂಡಿಸುವ ಕಪ್ಪು ಚಿತ್ತಾರವೂ ಡೆಂಡ್ರೈಟೇ. ಅದನ್ನು ಗಿಡದ ಪಳೆಯುಳಿಕೆ ಅಂತ ಎತ್ತಿಟ್ಟುಕೊಳ್ಳುವವರೂ ಇದ್ದಾರೆ.

ನಾವು ಜಾಸ್ತಿ ಎರಕ ಹೊಯ್ಯುವುದು ಎ356. ಅಲ್ಯೂಮಿನಿಯಂ, ಸುಮಾರು 7% ಸಿಲಿಕಾನ್, ಚೂರು ಮೆಗ್ನೀಸಿಯಂ. ಕರಗಿದ ಲೋಹ 615 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಾಗ ಮೊದಲು ಅಲ್ಯೂಮಿನಿಯಂ ಹರಳು ಕಟ್ಟುತ್ತದೆ. ಬೆಳೆಯುತ್ತಾ ಸಿಲಿಕಾನನ್ನು ಸುತ್ತಲಿನ ದ್ರವಕ್ಕೆ ತಳ್ಳುತ್ತದೆ. ಸಿಲಿಕಾನ್ ಹೆಚ್ಚಾದ ದ್ರವ ಬೇಗ ಗಟ್ಟಿಯಾಗುವುದಿಲ್ಲ. ಹರಳಿನ ಮೈಯಿಂದ ಒಂದು ಮೊನೆ ಮುಂದೆ ಚಾಚಿತು ಅನ್ನಿ, ಅದಕ್ಕೆ ಸಿಲಿಕಾನ್ ಕಡಿಮೆ ಇರುವ ದ್ರವ ಸಿಗುತ್ತದೆ. ಅದು ಉಳಿದ ಭಾಗಕ್ಕಿಂತ ಬೇಗ ಬೆಳೆಯುತ್ತದೆ. ಕೊಂಬೆ ಹುಟ್ಟುವುದು ಹೀಗೆ. ಹೀಗೆ ಕವಲೊಡೆದ ಹರಳೇ ನಮ್ಮ ಡೆಂಡ್ರೈಟ್.

ಕಾಸ್ಟಿಂಗ್‌ನಲ್ಲಿ ಹೆಚ್ಚು ಭಾರ ಹೊರುವ ಜಾಗದಿಂದಲೇ ನಾನು ಸ್ಯಾಂಪಲ್ ಕತ್ತರಿಸುತ್ತೇನೆ. ಒರಟಾದ 220ರಿಂದ ಶುರು ಮಾಡಿ ನುಣುಪಾದ 1000ದವರೆಗೆ ಎಮರಿ ಪೇಪರ್. ಪೇಪರ್ ಬದಲಿಸಿದಾಗಲೆಲ್ಲ ಸ್ಯಾಂಪಲನ್ನು ಅಡ್ಡ ತಿರುಗಿಸಿ, ಹಿಂದಿನ ಗೀರು ಪೂರ್ತಿ ಹೋಗುವ ತನಕ ಉಜ್ಜಬೇಕು. ಆಮೇಲೆ 3 ಮೈಕ್ರಾನ್, 1 ಮೈಕ್ರಾನ್ ಡೈಮಂಡ್ ಪೇಸ್ಟ್. ಎಚ್ಚಿಂಗ್‌ಗೆ (ಒಳರಚನೆ ಎದ್ದು ಕಾಣುವಂತೆ ಮೈಯನ್ನು ಆಮ್ಲದಿಂದ ಚೂರು ಕೊರೆಯುವುದು) ಹೈಡ್ರೋಫ್ಲೋರಿಕ್ ಆಮ್ಲ ಬಳಸುವವರಿದ್ದಾರೆ. ಅದು ಚರ್ಮದೊಳಗೆ ಇಳಿದು ಮೂಳೆಯವರೆಗೆ ಹೋಗುವ ವಿಷ. ಪಾಲಿಶ್ ಚೆನ್ನಾಗಿದ್ದರೆ ಸಿಲಿಕಾನ್ ಬೂದು, ಅಲ್ಯೂಮಿನಿಯಂ ಬಿಳಿ ಅಂತ ಮೈಕ್ರೋಸ್ಕೋಪಿನಲ್ಲಿ ಬೇರೆ ಬೇರೆಯಾಗಿಯೇ ಕಾಣುತ್ತವೆ. ಹಾಗಾಗಿ ನಾನು ಆಮ್ಲದ ತಂಟೆಗೆ ಹೋಗುವುದಿಲ್ಲ.

ಒಂದೇ ಕಾಂಡಕ್ಕೆ ಸೇರಿದ, ಸಾಲಾಗಿ ನಿಂತ ಕೊಂಬೆಗಳನ್ನು ಹುಡುಕುತ್ತೇನೆ. ಮೊದಲ ಕೊಂಬೆಯ ನಡುವಿನಿಂದ ಕೊನೆಯ ಕೊಂಬೆಯ ನಡುವಿಗೆ ಅಳೆದು, ಎಡೆಗಳ ಲೆಕ್ಕದಿಂದ ಭಾಗಿಸುತ್ತೇನೆ. ಆರು ಕೊಂಬೆಗೆ ಐದು ಎಡೆ. ಒಟ್ಟು 150 ಮೈಕ್ರಾನ್ ಇದ್ದರೆ ಅಂತರ 30. ಪಕ್ಕದ ಡೆಂಡ್ರೈಟಿನ ಕೊಂಬೆ ಇದರಲ್ಲಿ ಸೇರಬಾರದು. ಚಂದ ಕಂಡದ್ದನ್ನಷ್ಟೇ ಆರಿಸಲೂಬಾರದು. ಬೇರೆ ಬೇರೆ ಕಡೆ ಅಳೆದು ಸರಾಸರಿ ತೆಗೆದರೇನೇ ಆ ಸಂಖ್ಯೆಗೆ ಬೆಲೆ.

ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೇ ಆ ಸಂಖ್ಯೆಯಿಂದ. ಕೊಂಬೆಗಳ ಅಂತರ ಹೆಚ್ಚುಕಡಿಮೆ ಗಟ್ಟಿಯಾಗಲು ಹಿಡಿದ ಸಮಯದ ಘನಮೂಲದಂತೆ ಬೆಳೆಯುತ್ತದೆ. ಅಂದರೆ ಒಂದು ಕಡೆ 30, ಇನ್ನೊಂದು ಕಡೆ 60 ಮೈಕ್ರಾನ್ ಇದ್ದರೆ, ಎರಡನೆಯದು ಗಟ್ಟಿಯಾಗಲು ಸುಮಾರು ಎಂಟು ಪಟ್ಟು ಹೊತ್ತು ತೆಗೆದುಕೊಂಡಿದೆ! ಹೊತ್ತು ಹೆಚ್ಚಾದಷ್ಟೂ ಒಳಗಿನ ತೂತುಗಳು ದೊಡ್ಡವಾಗುತ್ತವೆ. ಎಳೆದಾಗ ಲೋಹ ಹಿಗ್ಗದೆ ಮುರಿಯುತ್ತದೆ.

540 ಡಿಗ್ರಿ ಹತ್ತಿರ ಹೀಟ್ ಟ್ರೀಟ್‌ಮೆಂಟ್ ಕೊಟ್ಟರೆ ಸಿಲಿಕಾನ್ ಕಣಗಳು ದುಂಡಗಾಗುತ್ತವೆ, ನಿಜ. ಕೊಂಬೆಗಳ ಅಂತರ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಅಂತರ ಜಾಸ್ತಿ ಬಂದರೆ ನಾನು ಹೋಗುವುದು ಅಚ್ಚು ಕಟ್ಟುವವರ ಹತ್ತಿರ. ಆ ಜಾಗದಲ್ಲಿ ಮರಳಿಗೆ ಎರಕದ ಕಬ್ಬಿಣದ ಚಿಲ್ (ಶಾಖವನ್ನು ಬೇಗ ಎಳೆದುಕೊಳ್ಳುವ ತುಂಡು) ಇಡಿಸಿ, ಹೊಸದಾಗಿ ಹೊಯ್ಯಿಸಿ, ಮತ್ತೆ ಅಳೆಯುತ್ತೇನೆ.