ಅತಿಥಿ ಉಪನ್ಯಾಸಕರ ಶಿಕ್ಷಣ ಸಾಲ ಮನ್ನಾ: ಮನವಿ ಬರೆಯುವ ಬಗೆ

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅತಿಥಿ ಉಪನ್ಯಾಸಕರಿಗೆ ತಮ್ಮ ಬೇಡಿಕೆಯನ್ನು ಸರ್ಕಾರಕ್ಕೆ ನೇರವಾಗಿ ಸಲ್ಲಿಸುವ ಅವಕಾಶ ದೊರೆಯುತ್ತದೆ. ಸೇವಾ ಭದ್ರತೆಯ ಜೊತೆಗೆ ಶಿಕ್ಷಣ ಸಾಲದ ಮನ್ನಾವನ್ನೂ ಕೇಳಬೇಕೆಂದಿರುವವರು ಒಂದು ಸಾಲಿನ ಮನವಿ ಕೊಟ್ಟು ಬಂದರೆ ಅದು ಕಡತದಲ್ಲೇ ಉಳಿಯುತ್ತದೆ. ಸಾಲ ಯಾರದು, ಎಷ್ಟು ದುಡಿಮೆಗೆ ಮನ್ನಾ, ಹಣ ಭರಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಮನವಿಯಲ್ಲಿಯೇ ಉತ್ತರವಿರಬೇಕು.

ಮೊದಲು ಸಾಲದ ಮಂಜೂರಾತಿ ಪತ್ರವನ್ನು ತೆಗೆದು ಸಾಲ ಕೊಟ್ಟವರು ಯಾರೆಂದು ನೋಡಿಕೊಳ್ಳಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಅಥವಾ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಿಂದ ‘ಅರಿವು’ ಎಂಬ ಶಿಕ್ಷಣ ಸಾಲ ಪಡೆದಿದ್ದರೆ, ಅದು ರಾಜ್ಯ ಸರ್ಕಾರದ ನಿಗಮದ ಹಣವಾದ್ದರಿಂದ ಮನ್ನಾ ಮಾಡುವ ಅಧಿಕಾರವೂ ಇಲ್ಲಿಯೇ ಇದೆ. ಬ್ಯಾಂಕಿನ ಸಾಲವಾದರೆ ಹಾಗಲ್ಲ. 2018ರ ರೈತರ ಸಾಲ ಮನ್ನಾದಲ್ಲಿ ಮಾಡಿದಂತೆ, ರಾಜ್ಯವು ಬಜೆಟ್ಟಿನಲ್ಲಿ ಹಣ ತೆಗೆದಿರಿಸಿ ಬ್ಯಾಂಕಿಗೆ ತುಂಬಿಕೊಡಬೇಕಾಗುತ್ತದೆ. ಆದ್ದರಿಂದ ಎರಡೂ ಬಗೆಯ ಸಾಲಗಳ ಬೇಡಿಕೆಯನ್ನು ಬೇರೆ ಬೇರೆ ಪರಿಚ್ಛೇದಗಳಲ್ಲಿ ಬರೆಯುವುದು ಒಳ್ಳೆಯದು.

ಮನವಿಯ ಜೀವಾಳವಿರುವುದು ದುಡಿಮೆಯ ಲೆಕ್ಕದಲ್ಲಿ. ಇದಕ್ಕೆ ಅಮೆರಿಕದ ಅನುಭವವನ್ನು ಆಧಾರವಾಗಿ ಕೊಡಬಹುದು. ಅಲ್ಲಿ 2007ರ ಕಾನೂನಿನಂತೆ ಸಾರ್ವಜನಿಕ ಸೇವೆಯಲ್ಲಿರುವವರು 120 ಅರ್ಹ ಮಾಸಿಕ ಕಂತು ಕಟ್ಟಿದರೆ ಉಳಿದ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ಶಿಕ್ಷಣ ಸಾಲ ಮನ್ನಾ ಆಗುತ್ತದೆ. ಆದರೆ ಪೂರ್ಣಾವಧಿ ನೌಕರಿಯ ಷರತ್ತಿನಿಂದಾಗಿ ಅರೆಕಾಲಿಕ ಕಾಲೇಜು ಅಧ್ಯಾಪಕರು ಹೊರಗುಳಿದಿದ್ದರು. ಅವರನ್ನು ಸೇರಿಸಬೇಕೆಂದು ಸೆನೆಟ್ ಸದಸ್ಯ ಡಿಕ್ ಡರ್ಬಿನ್ ಮಂಡಿಸಿದ ಮಸೂದೆ ಕಾಯ್ದೆಯಾಗಲಿಲ್ಲ. ಪರಿಹಾರ ಬಂದದ್ದು 2023ರ ಜುಲೈನಲ್ಲಿ ಜಾರಿಯಾದ ನಿಯಮದಿಂದ: ಬೋಧಿಸುವ ಪ್ರತಿ ಕ್ರೆಡಿಟ್ ಗಂಟೆಯನ್ನು ಕನಿಷ್ಠ 3.35 ಗಂಟೆಗಳ ಕೆಲಸವೆಂದು ಪರಿಗಣಿಸಬೇಕು, ವಾರಕ್ಕೆ 30 ಗಂಟೆ ತುಂಬಿದರೆ ಅದು ಪೂರ್ಣಾವಧಿ. ಪಾಠದ ಸಿದ್ಧತೆ, ಉತ್ತರ ಪತ್ರಿಕೆಗಳ ಮೌಲ್ಯಮಾಪನ, ವಿದ್ಯಾರ್ಥಿಗಳಿಗೆ ಕೊಡುವ ಸಮಯ ಇವೆಲ್ಲ ದುಡಿಮೆಯೇ ಎಂದು ಒಪ್ಪಿಕೊಂಡ ನಿಯಮವಿದು. ನಮ್ಮಲ್ಲಿಯೂ ಇದೇ ಆಗಬೇಕು.

ನಮ್ಮ ಅಂಕಿಗಳನ್ನು ಅದರ ಪಕ್ಕದಲ್ಲಿಟ್ಟು ತೋರಿಸಿ. 2022ರ ಜನವರಿಯಲ್ಲಿ ಸರ್ಕಾರವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ಅರ್ಹತೆ, ಅನುಭವಗಳಿಗೆ ತಕ್ಕಂತೆ 26,000 ರೂಪಾಯಿಗಳಿಂದ 32,000 ರೂಪಾಯಿಗಳವರೆಗಿನ ಮಟ್ಟಕ್ಕೆ ಏರಿಸಿದಾಗ ವಾರದ ಕಾರ್ಯಭಾರವನ್ನು 15 ಗಂಟೆಗಳವರೆಗೆ ನಿಗದಿಪಡಿಸಿತು. ಒಂದು ಕ್ರೆಡಿಟ್ಟಿಗೆ ವಾರಕ್ಕೆ ಒಂದು ಗಂಟೆಯ ಪಾಠವೆಂದು ಹಿಡಿದರೆ, ಆ ಮಾನದಂಡದಲ್ಲಿ 15 ಗಂಟೆಗಳ ಬೋಧನೆಯು 50 ಗಂಟೆಗಳ ಕೆಲಸಕ್ಕೆ ಸಮ. ಹೀಗೆ ದುಡಿಯುವವರನ್ನು ಅರೆಕಾಲಿಕರೆಂದು ಕರೆಯುವುದು ನ್ಯಾಯವಲ್ಲ.

ಇದನ್ನು ಬರಿಯ ಮಾತಿನಲ್ಲಿ ಹೇಳದೆ ದಾಖಲೆಯಿಂದ ತೋರಿಸಬೇಕು. ಪ್ರತಿ ಸೆಮಿಸ್ಟರಿನ ವೇಳಾಪಟ್ಟಿ, ಪ್ರಾಚಾರ್ಯರ ಸಹಿ ಮತ್ತು ಮೊಹರಿರುವ ಸೇವಾ ಪ್ರಮಾಣಪತ್ರ, ಗೌರವಧನ ಜಮೆಯಾದ ಪಾಸ್‌ಬುಕ್ಕಿನ ಪುಟ, ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯ ಕರೆಸಿಕೊಂಡ ಆದೇಶ ಇವುಗಳ ನಕಲುಗಳನ್ನು ವರ್ಷವಾರು ಜೋಡಿಸಿ. ಸೇವಾ ಪ್ರಮಾಣಪತ್ರದಲ್ಲಿ ‘ಸದರಿಯವರು ಸೇವೆ ಸಲ್ಲಿಸಿರುತ್ತಾರೆ’ ಎಂದಷ್ಟೇ ಬರೆಸಿಕೊಂಡರೆ ಸಾಲದು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾವ ತರಗತಿಗೆ ಯಾವ ಪತ್ರಿಕೆ ಎಂಬುದು ಅದರಲ್ಲಿ ನಮೂದಾಗಿರಬೇಕು. ಜಮಖಂಡಿಯಲ್ಲಿ ಕೆಲವು ಗಂಟೆ, ಮುಧೋಳದಲ್ಲಿ ಕೆಲವು ಗಂಟೆ ಪಾಠ ಮಾಡುವವರು ಎರಡೂ ಕಾಲೇಜುಗಳಿಂದ ಪ್ರಮಾಣಪತ್ರ ಪಡೆಯಬೇಕು, ಏಕೆಂದರೆ ಎರಡರ ಗಂಟೆಗಳನ್ನು ಕೂಡಿಸಿ ಎಣಿಸುವಂತೆ ಕೇಳುವುದೇ ನಮ್ಮ ಬೇಡಿಕೆಯ ಒಂದು ಭಾಗ. ಅಮೆರಿಕದಲ್ಲಿ ಹಾಗೆ ಕೂಡಿಸಲು ಅವಕಾಶವಿದೆ. ಅಲ್ಲಿನ 120 ಕಂತುಗಳು ಸತತವಾಗಿರಬೇಕೆಂಬ ನಿಯಮವೂ ಇಲ್ಲ. ಸೆಮಿಸ್ಟರ್ ಮುಗಿಯುತ್ತಲೇ ಬಿಡುಗಡೆಗೊಂಡು ಮತ್ತೆ ಆಯ್ಕೆಗಾಗಿ ಕಾಯುವ ನಮ್ಮವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಸೇವೆಯಲ್ಲಿನ ಬಿಡುವು ಅನರ್ಹತೆಯಾಗಬಾರದೆಂದು ಸ್ಪಷ್ಟವಾಗಿ ಬರೆಯಿರಿ.

ಮನವಿಯನ್ನು ಉನ್ನತ ಶಿಕ್ಷಣ ಸಚಿವರಿಗೆ ಬರೆದು, ಈ ಮೂರೂ ಜಿಲ್ಲೆಗಳನ್ನು ಒಳಗೊಂಡ ವಾಯವ್ಯ ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರಿಗೆ ಪ್ರತಿ ಕೊಡಿ. ಸದನದಲ್ಲಿ ಪ್ರಶ್ನೆ ಕೇಳಬೇಕಾದವರು ಅವರೇ. ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಲು ಮರೆಯಬೇಡಿ.

ಮನವಿ ಕೊಟ್ಟ ಮಾತ್ರಕ್ಕೆ ಕಂತು ನಿಲ್ಲಿಸಬಾರದು. ಬಾಕಿ 90 ದಿನಗಳಿಗೂ ಮೀರಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲವೆಂದು ವರ್ಗೀಕರಣ ಆಗುತ್ತದೆ. ಗೌರವಧನ ಬಾರದ ತಿಂಗಳುಗಳಲ್ಲಿ ಕಂತು ಕಟ್ಟಲಾಗದಿದ್ದರೆ, ಗಡುವಿಗೆ ಮೊದಲೇ ಶಾಖೆಗೆ ಹೋಗಿ ಅವಧಿ ಹೆಚ್ಚಿಸಿ ಕಂತು ತಗ್ಗಿಸುವಂತೆ ಲಿಖಿತವಾಗಿ ಕೋರಿ. ಬ್ಯಾಂಕಿಗೆ ಕೊಟ್ಟ ಲಿಖಿತ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಬಾಕಿಗಿಂತ ಕಡಿಮೆ ಮೊತ್ತಕ್ಕೆ ಒಂದೇ ಬಾರಿಗೆ ತೀರುವಳಿ ಮಾಡಿಕೊಳ್ಳಲು ಬ್ಯಾಂಕು ಕರೆದರೆ ಅವಸರಪಡಬೇಡಿ: ಹಾಗೆ ತೀರಿಸಿದ ಸಾಲ, ಸಾಲ ಮರುಪಾವತಿಯ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ದಾಖಲಾಗಿ, ಮುಂದೆ ಮನೆ ಸಾಲಕ್ಕೆ ಹೋದಾಗ ಅಡ್ಡಿಯಾಗಬಹುದು.